ಬಿ.ಎಚ್. ರೋಡಿನ ಆ ಕೊನೆ

ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಗಣರಾಜ್ಯೋತ್ಸವದ ರಜೆಗೆ ನಾಲ್ಕನೇ ಶನಿವಾರ, ಭಾನುವಾರ ಸೇರ್ಕೊಂಡಿತ್ತು. ಮೇಲೆ ಎರಡು ಸಿ.ಎಲ್. ಹಾಕಿ ನಾನೂ ನನ್ನ ಹೆಂಡತಿಯೂ ಐದು ದಿನ ಕಾರಲ್ಲಿ ತಿರುಗಾಡಿ ಬಂದ್ವಿ. ಹೊನ್ನವಳ್ಳಿಯಿಂದ ಹೊನ್ನಾವರ, ಅಲ್ಲಿಂದ ಕಡಲು ಹಿಡಿದು ಕುಂದಾಪುರ, ಉಡುಪಿ, ಮಂಗಳೂರು, ಆಮೇಲೆ ಶಿರಾಡಿ ಘಾಟಿ ಹತ್ತಿ ಹಾಸನ, ಅರಸೀಕೆರೆ ಮೇಲೆ ವಾಪಸ್. ಹೊನ್ನಾವರದ ಹತ್ತಿರ ಕಾಸರಕೋಡಿನ ಮರಳಲ್ಲಿ ಅವಳು ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಿಂತಿದ್ದ ಫೋಟೋ ಹಾಕಿದ್ದೆ, ನಿಮ್ಮಲ್ಲಿ ಕೆಲವರು ನೋಡಿದ್ದೀರಿ.

ಅವತ್ತು ಸಂಜೆಗೇ ನಮ್ಮ ತಾಲ್ಲೂಕಿನ ಒಬ್ಬ ಹುಡುಗ ಫೋನ್ ಮಾಡಿದ. ಒಳ್ಳೇ ಹುಡುಗ, ಸಂಘಟನೆಗೆ ಜೀವ ತೇದವನು. "ಅಣ್ಣ, ನೀವೂ ಶುರು ಮಾಡಿದ್ರಾ?" ಅಂದ. ಏನನ್ನಪ್ಪಾ ಅಂದೆ. "ಅದೇ, ಬೀಚು, ಹೋಮ್‌ಸ್ಟೇ, ಸೆಲ್ಫಿ. ಇಲ್ಲಿ ನಾವು ಸ್ಮಶಾನದ ಜಾಗಕ್ಕೆ ಅರ್ಜಿ ಹಿಡ್ಕೊಂಡು ಅಲೀತಿದ್ದೀವಿ." ಅವನ ಮಾತಲ್ಲಿ ತಪ್ಪೇನೂ ಇಲ್ಲ. ಆ ಅರ್ಜಿ ಬರೆದುಕೊಟ್ಟವನೇ ನಾನು. ಆದರೂ ಚುಚ್ಚಿತು. ಫೋನಲ್ಲಿ ಉತ್ತರ ಹೊಳೀಲಿಲ್ಲ. ಗುಮಾಸ್ತನ ಹಣೆಬರಹ, ಬರೆದ್ರೇನೇ ಬರೋದು.

ತಿಪಟೂರಲ್ಲಿ ಓದಿದವರಿಗೆಲ್ಲ ಬಿ.ಎಚ್. ರೋಡು ಗೊತ್ತು. ನಾನು ಬಿಎ ಮುಗಿಸೋವರೆಗೂ ಬಿ.ಎಚ್. ಅಂದ್ರೆ ಯಾರೋ ದೊಡ್ಡ ಮನುಷ್ಯನ ಇನಿಷಿಯಲ್ ಅಂದ್ಕೊಂಡಿದ್ದೆ. ಅದು ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರಲ್ಲೂ ಬಿ.ಎಚ್. ರೋಡು, ಭದ್ರಾವತೀಲೂ ಬಿ.ಎಚ್. ರೋಡು, ಶಿವಮೊಗ್ಗದಲ್ಲೂ ಬಿ.ಎಚ್. ರೋಡು. ಎಲ್ಲಾ ಒಂದೇ ರಸ್ತೆ! ನಮ್ಮ ಕಾಲಕ್ಕೆ ಹೆದ್ದಾರಿ 206 ಅಂತಿದ್ರು, ಈಗ ನಂಬರುಗಳು ತುಂಡು ತುಂಡಾಗಿ ಬದಲಾಗಿವೆ. ನಮ್ಮ ಹೊನ್ನವಳ್ಳಿಯಿಂದ ಹತ್ತು ಹನ್ನೆರಡು ಕಿಲೋಮೀಟರು ಬಂದು ತಿಪಟೂರಲ್ಲಿ ಆ ರಸ್ತೆಗೆ ಸೇರಿ ಅರಸೀಕೆರೆ ದಿಕ್ಕಿಗೆ ತಿರುಗಿದ್ರೆ, ಮುನ್ನೂರು ಕಿಲೋಮೀಟರಿನ ಆಸುಪಾಸು, ಅದು ನಿಮ್ಮನ್ನ ಸೀದಾ ಅರಬ್ಬೀ ಸಮುದ್ರಕ್ಕೆ ತಂದು ಬಿಡುತ್ತೆ.

ನಮ್ಮಪ್ಪ ನಲವತ್ತು ವರ್ಷ ಬೇರೆಯವರ ತೋಟದಲ್ಲಿ ಕಾಯಿ ಸುಲಿದ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ಬಗ್ಗಿ ನಿಂತು ದಿನಕ್ಕೆ ಎಷ್ಟು ಸಾವಿರ ಅಂತ ಲೆಕ್ಕ. ಆ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಿ, ಹರಾಜಾಗಿ, ಲಾರಿ ಹತ್ತಿ ಉತ್ತರ ಭಾರತದವರೆಗೂ ಹೋಗ್ತಿತ್ತು. ಅಪ್ಪ ಮಾತ್ರ ಅರಸೀಕೆರೆ ದಾಟಲಿಲ್ಲ. ದಾಟೋಕೆ ಕೆಲಸ ಇರಲಿಲ್ಲ. ಕೆಲಸ ಇಲ್ಲದೆ ಯಾರಾದ್ರೂ ಊರು ಬಿಟ್ಟು ಹೋಗ್ತಾರಾ ಅನ್ನೋದು ನಮ್ಮ ಹಟ್ಟಿಯ ತಿಳುವಳಿಕೆ. ಕೂಲಿಗೆ ಹೋಗ್ತಾರೆ, ಆಸ್ಪತ್ರೆಗೆ ಹೋಗ್ತಾರೆ, ಕೋರ್ಟಿಗೆ ಹೋಗ್ತಾರೆ, ಸಾವಿಗೆ ಹೋಗ್ತಾರೆ. ಜಾತ್ರೆಗೆ ಹೋದ್ರೂ ಹರಕೆ ಅನ್ನೋ ಒಂದು ಕೆಲಸ ಬೇಕು.

ನಾನು ಬೇರೆ ಥರ ಬೆಳೆದೆ ಅಂದ್ಕೊಂಡಿದ್ದೆ. ಕರ್ನಾಟಕ ಸುತ್ತಿದವನು ನಾನು. ಆದರೆ ಹೊರಡೋ ಮುಂಚಿನ ರಾತ್ರಿ ಕೂತು ಪಟ್ಟಿ ಮಾಡಿದಾಗ ನಾಚಿಕೆಯಾಯ್ತು. ಕಂಬಾಲಪಲ್ಲಿಗೆ ಹೋಗಿದ್ದು 2000ದಲ್ಲಿ, ಏಳು ಜನರನ್ನ ಸುಟ್ಟ ಮೇಲೆ. ನಾಗಪುರಕ್ಕೆ ಹೋಗಿದ್ದು ದೀಕ್ಷಾಭೂಮಿಗೆ. ಉಡುಪಿಗೆ ಹೋಗಿದ್ದು 2016ರ ಅಕ್ಟೋಬರ್ 9ಕ್ಕೆ, ‘ಉಡುಪಿ ಚಲೋ’ ಸಮಾವೇಶಕ್ಕೆ. ಅವತ್ತು ಘೋಷಣೆ ಕೂಗಿ ಗಂಟಲು ಕಟ್ಟಿ, ರಾತ್ರಿಯೇ ಟೆಂಪೊ ಹತ್ತಿ ವಾಪಸ್ ಬಂದೆ. ಉಡುಪಿಯಿಂದ ಮಲ್ಪೆ ಕಡಲಿಗೆ ಗಾಡೀಲಿ ಹೆಚ್ಚಂದ್ರೆ ಕಾಲು ಗಂಟೆ. ಮೂವತ್ತು ದಾಟಿದ ಮನುಷ್ಯ, ಅವತ್ತಿನವರೆಗೂ ಸಮುದ್ರ ನೋಡಿರಲಿಲ್ಲ, ಅವತ್ತೂ ನೋಡಲಿಲ್ಲ. ನೋಡಬೇಕು ಅಂತ ಅನ್ನಿಸಲೇ ಇಲ್ಲ ನೋಡಿ, ಅದು ನನ್ನನ್ನ ಈಗ ಕಾಡ್ತಿರೋದು. ನನ್ನೊಳಗೂ ನಮ್ಮಪ್ಪನೇ ಕೂತಿದ್ದ, ಕೈಯಲ್ಲಿ ನೀಲಿ ಬಾವುಟ ಇತ್ತು ಅಷ್ಟೇ ವ್ಯತ್ಯಾಸ.

ಕಾರು ನಮ್ಮದು ಸೆಕೆಂಡ್ ಹ್ಯಾಂಡ್ ಆಲ್ಟೊ. ಓಡಿಸೋದು ಅವಳು. ನನಗೆ ಬರುತ್ತೆ, ಆದರೆ ಘಾಟಿಯಲ್ಲಿ ಕೈ ನಡುಗುತ್ತೆ. ಅವಳು ತಿಪಟೂರಲ್ಲಿ ಡ್ರೈವಿಂಗ್ ಕಲಿಯೋವಾಗ ನಮ್ಮೋರೇ ನಕ್ಕಿದ್ರು. (ಭಾಷಣದಲ್ಲಿ ‘ಸಂಗಾತಿ’ ಅಂತೀನಿ, ಮನೇಲಿ ಅವಳನ್ನ ಹೆಸರು ಹಿಡಿದು ಕರೀತೀನಿ. ಅವಳು ಇಪ್ಪತ್ತು ವರ್ಷದಿಂದ ನನಗೆ ‘ರೀ’ ಅಂತಾನೇ ಅನ್ನೋದು. ಇದರ ಬಗ್ಗೆ ಇನ್ನೊಂದು ಪೋಸ್ಟ್ ಬರೀಬೇಕು.) ಹೊರಡೋ ಮುಂಚೆ ಕಾರಿನ ಹಿಂದಿನ ಗಾಜು ಒರೆಸ್ತಾ ಕೇಳಿದ್ಲು, "ರೀ, ಸ್ಟಿಕ್ಕರ್ ಇರ್ಲಾ, ತೆಗೀಲಾ?" ಬಾಬಾಸಾಹೇಬರ ಮುಖ, ಕೆಳಗೆ ಜೈಭೀಮ್. ಇರ್ಲಿ ಬಿಡು, ಯಾಕೆ ತೆಗೀಬೇಕು ಅಂದೆ ಜೋರಾಗಿ. ಜೋರಾಗಿ ಹೇಳೋದು ನನಗೆ ಅಭ್ಯಾಸ.

ಭದ್ರಾವತೀಲಿ ಟೀಗೆ ನಿಂತ್ವಿ. ಕಾಗದದ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಪ್ರೊ. ಬಿ. ಕೃಷ್ಣಪ್ಪನವರು ಮೇಷ್ಟ್ರಾಗಿದ್ದ ಊರು, ದಲಿತ ಸಂಘರ್ಷ ಸಮಿತಿಗೆ ಅವರು ಅಡಿಪಾಯ ಹಾಕಿದ ಊರು. ನಮ್ಮ ಕರಪತ್ರಗಳ ತಲೇಲಿ ಈಗ್ಲೂ ಇರೋ 47/74-75 ಅನ್ನೋ ನೋಂದಣಿ ನಂಬರು ಆ ಕಾಲದ್ದು. ಈಗ ಅದೇ ನಂಬರನ್ನ ಎಷ್ಟು ಬಣ ಹಾಕ್ಕೊಳ್ತಿವೆ ಅನ್ನೋ ಲೆಕ್ಕ ಬೇಡ, ಪ್ರವಾಸದ ಕಥೆ ಇದು.

ಅವತ್ತು ರಾತ್ರಿ ಮಲೆನಾಡಿನ ಒಂದು ಹೋಮ್‌ಸ್ಟೇಲಿ ಉಳಿದ್ವಿ. ಊರು, ಹೆಸರು ಬೇಡ. ಹೋದಾಗ ಒಂಬತ್ತು ಗಂಟೆ, ಚಳಿ, ಕತ್ತಲು. ಮನೆಯ ಯಜಮಾನಮ್ಮ ಚೆನ್ನಾಗೇ ಮಾತಾಡಿಸಿದ್ರು. ಒಳಗೆ ಅವರ ಅಡುಗೆಮನೆಯ ಪಕ್ಕದ ಜಗುಲೀಲೇ ಬಾಳೆಲೆ ಹಾಕಿದ್ರು, ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ರು. ಎರಡನೇ ಸಲ ಅನ್ನ ಬಡಿಸ್ತಾ ಕೇಳಿದ್ರು, "ನೀವು ಎಂಥ ಜನ?"

ಈ ಪ್ರಶ್ನೆಗೆ ಉತ್ತರ ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೀನಿ. ತಲೆ ಎತ್ತಿ ಹೇಳಿ ಅಂತ ಹುಡುಗರಿಗೆ ಹೇಳಿದ್ದೀನಿ. ಅವತ್ತು ಬಾಯಲ್ಲಿ ತುತ್ತಿತ್ತು, ನುಂಗ್ತಾ ಕೂತೆ. ಅವಳೇ ಹೇಳಿದ್ಲು, "ನಾವು ತಿಪಟೂರು ಕಡೇರು ಕಣಮ್ಮ, ತೆಂಗಿನ ಕಡೆ." "ಓ, ತೋಟದವರಾ," ಅಂತ ಅವರೇ ಮಿಕ್ಕಿದ್ದನ್ನ ತುಂಬ್ಕೊಂಡ್ರು. ಆಮೇಲೆ ಕೊಬ್ಬರಿ ರೇಟು, ನುಸಿ ರೋಗ, ಆಳು ಸಿಗದಿರೋದು. ಆಳು ಸಿಗಲ್ಲ ಅನ್ನೋ ಮಾತಿಗೆ ಸುಲಿಯೋ ಆಳಿನ ಮಗ ನಾನು ಹೂಂ ಹೂಂ ಅಂತ ತಲೆ ಆಡಿಸಿದೆ.

ಬೆಳಗ್ಗೆ ಕಾರು ಹಿಂದೆ ತೆಗೆಯೋವಾಗ ಗಾಜು ಅವರ ಕಡೆ ತಿರುಗಿತು. ನೋಡಿದ್ರು. ಏನೂ ಅನ್ನಲಿಲ್ಲ, ಮುಖವೂ ಅಂಥಾ ಬದಲಾಗಲಿಲ್ಲ. ಒಳಗೆ ಹೋದ್ರು. ಹೊರಡೋಕೆ ಮುಂಚೆ ಕಾಫಿ ಬಂತು, ಪೇಪರ್ ಕಪ್ಪಲ್ಲಿ.

ಇದನ್ನ ಯಾವ ಠಾಣೆಯಲ್ಲಿ ಬರೆಸ್ತೀರಿ? ಲೋಟ ತೊಳೆದಿರಲಿಲ್ಲವೇನೋ. ದಾರೀಲಿ ಕುಡ್ಕೊಂಡು ಹೋಗ್ಲಿ ಅಂತ ಕೊಟ್ರೇನೋ. ಇದ್ದರೂ ಇರಬಹುದು, ನಾನು ಪ್ರಮಾಣ ಮಾಡಿ ಹೇಳಲಾರೆ. ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಹೋಟೆಲಿನ ಸೂರಿನಲ್ಲಿ ನಮಗಂತ ಲೋಟ ಸಿಕ್ಕಿಸಿರ್ತಿದ್ರು, ನಾವೇ ತೊಳೆದು ಇಡಬೇಕು. ಆ ಲೋಟ ಕೈಲಿ ಹಿಡಿದು ತೋರಿಸಬಹುದಿತ್ತು, ಅದರ ವಿರುದ್ಧ ಧರಣಿ ಕೂರಬಹುದಿತ್ತು, ಫೋಟೋ ತೆಗೀಬಹುದಿತ್ತು. ಪೇಪರ್ ಕಪ್ ಬಂದ ಮೇಲೆ ಎಷ್ಟೋ ಊರಲ್ಲಿ ಆ ಜಗಳ ತಾನಾಗೇ ಮುಗೀತು. ಎಲ್ಲರಿಗೂ ಪೇಪರ್ ಕಪ್ಪೇ, ಜಾತಿ ಹೋಯ್ತು ಅಂತ ನಮ್ಮೋರೂ ಖುಷಿಪಟ್ರು. ಯಾರ ಎಂಜಲನ್ನೂ ಯಾರೂ ತೊಳೆಯೋದು ಬೇಡ ಅಂತಾಗಿದ್ದು ನಿಜ. ಆದರೆ ಸ್ಟೀಲ್ ಲೋಟ ಒಳಗೆ ಇದ್ದೇ ಇದೆಯಲ್ಲ, ಯಾರಿಗೆ ಅದು ಹೊರಗೆ ಬರುತ್ತೆ ಅನ್ನೋದೇ ಈಗಿನ ಪ್ರಶ್ನೆ. ಒಬ್ಬನೇ ಮನುಷ್ಯನಿಗೆ ರಾತ್ರಿ ಒಂದು, ಬೆಳಗ್ಗೆ ಒಂದು ಸಿಕ್ಕಿದ್ದರಿಂದ ನನಗೆ ಗೊತ್ತಾಯ್ತು, ಇಲ್ಲದಿದ್ರೆ ಗೊತ್ತಾಗ್ತಾನೇ ಇರಲಿಲ್ಲ.

ಕಾರಲ್ಲಿ ಜಗಳ ಆಯ್ತು. ಯಾಕೆ ಮುಚ್ಚಿಟ್ಟೆ ಅಂತ ನಾನು ರೇಗಿದೆ. ಅವಳು ಗೇರು ಬದಲಾಯಿಸ್ತಾ ಹೇಳಿದ್ಲು, "ಸುಳ್ಳೇನ್ ಹೇಳ್ದೆ? ಮಾವ ಜೀವ್ನ ಪೂರ್ತಿ ತೆಂಗಿನ ಕೆಳ್ಗೇ ಇದ್ರಲ್ಲ. ನೀವ್ಯಾಕೆ ಬಾಯಿ ಬಿಡ್ಲಿಲ್ಲ?" ಒಂದಷ್ಟು ದೂರ ಇಬ್ಬರೂ ಮಾತಾಡಲಿಲ್ಲ.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿರೋರಿಗೆ ನಾನು ಎಲ್ಲಿಗೆ ಬರ್ತಿದ್ದೀನಿ ಅಂತ ಗೊತ್ತಾಗಿರಬೇಕು. ಓದದೇ ಇರೋರು ಓದಿ, ಚಿಕ್ಕ ಪುಸ್ತಕ. ಅದರ ತುಂಬಾ ಇರೋದು ಪ್ರಯಾಣವೇ. 1901ರ ಸುಮಾರಿಗೆ ಸತಾರಾದಿಂದ ಅಪ್ಪನನ್ನ ನೋಡೋಕೆ ಹೊರಟ ಮಕ್ಕಳು, ಮಸೂರು ಸ್ಟೇಷನ್ನಿನಲ್ಲಿ ಇಳೀತಾರೆ. ಮಹಾರರು ಅಂತ ಗೊತ್ತಾದ ಮೇಲೆ ಯಾರೂ ಗಾಡಿ ಹೂಡಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೀಬೇಕು ಅನ್ನೋ ಕರಾರಿಗೆ ಒಬ್ಬ ಒಪ್ತಾನೆ. ರಾತ್ರಿ ಸುಂಕದ ಕಟ್ಟೆ ಹತ್ರ ಬಾಯಾರಿಕೆ. ನೀರು ಕೇಳೋವಾಗ ಮುಸಲ್ಮಾನರು ಅಂತ ಹೇಳಿ ಅಂತ ಗಾಡಿಯವನೇ ಹೇಳಿಕೊಡ್ತಾನೆ. ಒಂಬತ್ತು ಹತ್ತು ವರ್ಷದ ಭೀಮರಾವ್ ಉರ್ದುವಿನಲ್ಲಿ ಮಾತಾಡಿ, ಮುಸಲ್ಮಾನರು ಅಂತಾನೇ ಹೇಳ್ತಾನೆ. ನೀರು ಸಿಗಲ್ಲ, ಆ ಮಾತು ಬೇರೆ.

ಆಮೇಲೆ ಅಮೆರಿಕದಲ್ಲಿ ಓದಿ ಬಂದು ಬರೋಡದ ನೌಕರಿಗೆ ಸೇರಿದಾಗ ಉಳಿಯೋಕೆ ಜಾಗ ಇಲ್ಲದೆ ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಇರ್ತಾರೆ. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಖಾಲಿ ಮಾಡಿಸುತ್ತೆ. ಇದನ್ನೆಲ್ಲ ಅವರು ಮುಚ್ಚಿಡಲಿಲ್ಲ, ತಾವೇ ಬರೆದಿಟ್ರು. ಹೆಸರು ಬದಲಾಯಿಸಿದ್ದಕ್ಕೆ ಅವರನ್ನ ಅಳುಕಿದವರು ಅಂತ ಯಾರಾದ್ರೂ ಅಂತೀವಾ? ಕೇಳಿದವನ ಮೇಲೆ ಬರಬೇಕಾದ ಕೋಪವನ್ನ ನಾನು ನನ್ನ ಹೆಂಡತಿ ಮೇಲೆ ತೀರಿಸಿದೆ. ತಲೆ ಎತ್ತಿ ಜಾತಿ ಹೇಳಿ ಅಂತ ಮೈಕಿನಲ್ಲಿ ಹೇಳೋದು ನಾನು ಬಿಡಲ್ಲ. ಆದರೆ ಹೇಳದೇ ಇದ್ದೋರನ್ನ, ಅದರಲ್ಲೂ ರಾತ್ರಿ ಒಂಬತ್ತಕ್ಕೆ ಗೊತ್ತಿಲ್ಲದ ಊರಲ್ಲಿ ಹೇಳದೇ ಇದ್ದ ಹೆಣ್ಣುಮಗಳನ್ನ, ಇನ್ನು ಮೇಲೆ ಹಂಗಿಸಲ್ಲ.

ಅಮೆರಿಕದಲ್ಲಿ ಕಪ್ಪು ಜನರಿಗೆ ಯಾವ ಊರಲ್ಲಿ ಯಾವ ಹೋಟೆಲು ಜಾಗ ಕೊಡುತ್ತೆ, ಎಲ್ಲಿ ಪೆಟ್ರೋಲು ಹಾಕ್ತಾರೆ ಅಂತ ಪಟ್ಟಿ ಮಾಡಿ ವಿಕ್ಟರ್ ಗ್ರೀನ್ ಅನ್ನೋ ಅಂಚೆ ನೌಕರ 1936ರಿಂದ ಪುಸ್ತಕ ತರ್ತಿದ್ದ, ‘ಗ್ರೀನ್ ಬುಕ್’ ಅಂತ. ನಮ್ಮಲ್ಲಿ ಅಂಥದ್ದು ಬಂದಿದ್ರೆ ಎಷ್ಟು ಪುಟ ಇರ್ತಿತ್ತೋ. ನಮ್ಮೋರು ಆ ಪುಸ್ತಕವನ್ನ ಬಾಯಲ್ಲೇ ಇಟ್ಕೊಂಡಿದ್ರು: ಆ ಊರಲ್ಲಿ ಯಾರಿದ್ದಾರೆ, ಯಾರ ಮನೇಲಿ ಇಳೀಬಹುದು.

ಹೊನ್ನಾವರಕ್ಕೆ ಸೀದಾ ಹೋಗದೆ ಸಿದ್ದಾಪುರದ ಮೇಲೆ ಚಂದ್ರಗುತ್ತಿಗೆ ಹೋದ್ವಿ. ಅಲ್ಲಿಗೂ ನಾನು ‘ಕೆಲಸ’ ಹುಡುಕ್ಕೊಂಡೇ ಹೋದೆ, ಒಪ್ಕೋತೀನಿ. 1986ರ ಮಾರ್ಚ್‌ನಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ದಸಂಸ ಕಾರ್ಯಕರ್ತರನ್ನ, ಪೊಲೀಸರನ್ನೂ ಬಿಡದೆ ಹೊಡೆದು ಬಟ್ಟೆ ಬಿಚ್ಚಿ ಓಡಿಸಿದ ಜಾಗ. ಆಗ ನಾನು ಸಣ್ಣ ಹುಡುಗ. ವರದಾ ನದೀಲಿ ಮುಳುಗಿ ಬೆತ್ತಲೆ ಗುಡ್ಡ ಹತ್ತುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ನಮ್ಮೋರೇ. ಸರ್ಕಾರ ನಿಷೇಧ ತಂದಿದ್ದು ಆ ಪೆಟ್ಟು ತಿಂದ ಮೇಲೆ. ಗುಡ್ಡ ಅವಳು ಸರಸರ ಹತ್ತಿದ್ಲು, ನಾನು ಏದುಸಿರು. ಮೇಲೆ ನಿಂತು ಏನೂ ಮಾತಾಡದೆ ಸೀರೆ ಸೆರಗು ಬಿಗಿಯಾಗಿ ಸುತ್ತಿಕೊಂಡ್ಲು, ಗಾಳಿ ಇತ್ತು.

ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಇಳಿಯೋ ಘಾಟಿಯನ್ನ ಅವಳೇ ಓಡಿಸಿದ್ದು. ನನಗೆ ಮತ್ತೆ ಅದೇ ಪುಸ್ತಕ ನೆನಪು. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಅಸ್ಪೃಶ್ಯರನ್ನ ಕೂರಿಸಿಕೊಂಡು ಟಾಂಗಾ ಹೊಡೆಯೋಕೆ ಟಾಂಗಾದವರು ಒಪ್ಪಲಿಲ್ಲ. ಮರ್ಯಾದೆ ಬಿಡಬಾರದು ಅಂತ ನಮ್ಮೋರೇ, ಓಡಿಸೋಕೆ ಬರದವನೊಬ್ಬ, ಲಗಾಮು ಹಿಡಿದ. ಮೋರಿ ಮೇಲೆ ಚಕ್ರ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರೀತು. ಲಗಾಮು ಯಾರ ಕೈಲಿದೆ ಅನ್ನೋದು ಸಣ್ಣ ಮಾತಲ್ಲ. ಅವಳು ಡ್ರೈವಿಂಗ್ ಕಲೀವಾಗ ನಕ್ಕ ಅಣ್ಣತಮ್ಮಂದಿರಿಗೆ ಇದನ್ನ ಬರೆದಿದ್ದೀನಿ.

ಸಮುದ್ರದ ಬಗ್ಗೆ ಹೆಚ್ಚು ಬರೆಯಲ್ಲ. ಬರೆಯೋಕೆ ಬರಲ್ಲ. ಅರ್ಧ ಗಂಟೆ ಸುಮ್ನೆ ನಿಂತಿದ್ದೆ, ಅವಳು ಮೊಣಕಾಲವರೆಗೂ ನೀರಿಗಿಳಿದು ಚಿಕ್ಕ ಹುಡುಗಿ ಥರ ಕಿರುಚಿದ್ಲು. ಅವತ್ತು ಜನವರಿ 26. ದಾರಿಯ ಶಾಲೆಗಳಲ್ಲೆಲ್ಲ ಬಾವುಟ. ಪ್ರತಿ ವರ್ಷ ಅವತ್ತು ನಾನು ಎಲ್ಲೋ ಒಂದು ಕಡೆ ಸಂವಿಧಾನದ ಪೀಠಿಕೆ ಓದಿಸ್ತಿರ್ತೀನಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಯಾರಿಗೂ ಜಾತಿ ಕಾರಣಕ್ಕೆ ಇಲ್ಲ ಅನ್ನೋ ಹಾಗಿಲ್ಲ ಅಂತ 15(2)ನೇ ವಿಧಿ. ದೇಶದ ತುಂಬಾ ತಿರುಗಾಡೋ ಸ್ವಾತಂತ್ರ್ಯ 19ನೇ ವಿಧಿ. ಆ ತಿರುಗಾಟಕ್ಕೆ ತಕ್ಕ ಕಾರಣ ತೋರಿಸಿ ಅಂತ ಅಲ್ಲೆಲ್ಲೂ ಬರೆದಿಲ್ಲ ತಮ್ಮಾ. ಕಾರಣ ಕೇಳ್ತಿರೋದು ನೀನು, ನಾನು.

ಕಾಸರಕೋಡಿನಲ್ಲಿ ಒಂದು ಕಡೆ ಬ್ಲೂ ಫ್ಲ್ಯಾಗ್ ಅನ್ನೋ ಅಂತಾರಾಷ್ಟ್ರೀಯ ಮರ್ಯಾದೆ ಸಿಕ್ಕ ಬೀಚು, ಇನ್ನೊಂದು ಕಡೆ ಖಾಸಗಿ ಬಂದರು ಬೇಡ ಅಂತ ವರ್ಷಗಳಿಂದ ಬಡಿದಾಡಿದ ಮೀನುಗಾರರ ಕೇರಿ. ನಾವು ಊಟ ಮಾಡಿದ ಮನೆಯ ಹಿತ್ತಿಲಲ್ಲಿ ನಾಲ್ಕು ತೆಂಗಿನಮರ. ನಮ್ಮ ಕಡೆ ತೆಂಗು ಅಂದ್ರೆ ತೋಟ, ಪಹಣಿ, ಜಾತಿ. ಅಲ್ಲಿ ಮೀನಿನ ಸಾರಿಗೆ ಹಿತ್ತಿಲ ಕಾಯಿ ತುರಿದು ರುಬ್ತಾರೆ ಅಷ್ಟೇ. ಊಟ ಬಡಿಸಿದ ಅಕ್ಕ ಯಾವ ಊರು ಅಂತ ಕೇಳಿದ್ರು. ನನ್ನ ಹೆಂಡತಿ ಊರು ಹೇಳಿ, ಕೇಳದೇ ಇದ್ದರೂ, "ನಮ್ಮ ಮಾವ ಕಾಯಿ ಸುಲೀತಿದ್ರು" ಅಂತ ಸೇರಿಸಿದ್ಲು. "ನಮ್ಮನೆಯವ್ರು ಬಲೆ ಎಳೀತ್ರು" ಅಂತ ಆ ಅಕ್ಕ ಅಂದು ಇನ್ನೊಂದು ಮೀನು ಹಾಕಿದ್ರು. ನನ್ನ ಕಡೆ ಅವಳು ತಿರುಗಿ ನೋಡಲಿಲ್ಲ. ನೋಡೋದು ಬೇಕಿರಲಿಲ್ಲ.

ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಉಡುಪಿಯಲ್ಲಿ ಅವಳು ಕನಕನ ಕಿಂಡಿ ನೋಡ್ಬೇಕು ಅಂದ್ಲು, ಹೋಗಿ ಬಂದ್ಲು, ನಾನು ರಥಬೀದೀಲಿ ಕೂತಿದ್ದೆ. ಒಂದೇ ಕಾರಲ್ಲಿ ಹೋದೋರೆಲ್ಲ ಒಂದೇ ಅಭಿಪ್ರಾಯದೋರು ಆಗಿರಬೇಕು ಅಂತೇನಿಲ್ಲ. ಆದರೆ ಅದೇ ಕರಾವಳಿಯಲ್ಲಿ ಕೊರಗರಿಗೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸ್ತಿದ್ದ ಅಜಲು ಪದ್ಧತಿಯನ್ನ ನಿಲ್ಲಿಸೋಕೆ 2000ದಲ್ಲಿ ಕಾನೂನು ಮಾಡಬೇಕಾಯ್ತು ಅನ್ನೋದನ್ನ ರಾತ್ರಿ ಅವಳಿಗೆ ಹೇಳಿದೆ. ಊಟದ ರುಚಿ ಕೆಡಿಸಿದೆ ಅಂತ ಬೈಸಿಕೊಂಡೆ.

ಮಂಗಳೂರಿಗೆ ನಾನು ಹೋಗಬೇಕು ಅಂತಿದ್ದಿದ್ದು ನಂದಿಗುಡ್ಡೆಗೆ. ಕುದ್ಮುಲ್ ರಂಗರಾಯರ ಸಮಾಧಿ ಅಲ್ಲಿದೆ. 1859ರಲ್ಲಿ ಸಾರಸ್ವತ ಬ್ರಾಹ್ಮಣ ಮನೇಲಿ ಹುಟ್ಟಿ, 1892ರ ಹೊತ್ತಿಗೇ ನಮ್ಮ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ತಮ್ಮವರಿಂದ ಬಹಿಷ್ಕಾರ ಹಾಕಿಸಿಕೊಂಡು, 1928ರಲ್ಲಿ ತೀರಿಕೊಂಡವರು. ತಮ್ಮ ಹೆಣವನ್ನ ದಲಿತರೇ ಹೊರಬೇಕು ಅಂತ ಹೇಳಿದ್ರಂತೆ. ಅವರದೊಂದು ಆಸೆಯ ಮಾತು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು: ದಲಿತರ ಮಗು ಓದಿ, ನೌಕರಿ ಹಿಡಿದು, ಕಾರಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸೋ ಧೂಳು ತಮ್ಮ ತಲ��ಗೆ ತಾಗಿದ್ರೆ ಬದುಕು ಸಾರ್ಥಕ ಅನ್ನೋ ಅರ್ಥದ್ದು.

ಉದ್ಧಾರಕರ ಮೇಲೆ ನನಗೆ ಮೊದಲಿಂದಲೂ ಅನುಮಾನ, ಗೊತ್ತಲ್ಲ ನಿಮಗೆ. ಆದರೆ ಈ ಮನುಷ್ಯ ಬೇಡಿದ್ದನ್ನ ಗಮನಿಸಿ. ನಮ್ಮ ಮಕ್ಕಳು ಒಳ್ಳೆಯವರಾಗಲಿ, ಶುಚಿಯಾಗಲಿ, ಭಕ್ತರಾಗಲಿ ಅಂತ ಬೇಡಲಿಲ್ಲ. ಕಾರಲ್ಲಿ ಓಡಾಡಲಿ ಅಂದ್ರು. ಎಲ್ಲಿಗೆ, ಯಾತಕ್ಕೆ ಅಂತ ಕೇಳಲಿಲ್ಲ. ನಮ್ಮ ಕೆಲವು ಸಂಗಾತಿಗಳಿಗಿಂತ ನೂರು ವರ್ಷ ಹಿಂದಿನ ಆ ಬ್ರಾಹ್ಮಣನೇ ವಾಸಿ ಅನ್ನಿಸಿತು, ಬೇಜಾರಾದ್ರೆ ಆಗಲಿ. ಇದನ್ನೆಲ್ಲ ಅವಳಿಗೆ ವಿವರಿಸಿದೆ, ಸ್ವಲ್ಪ ಗಂಟಲೂ ಬಿಗೀತು. ಅವಳು ಆಲ್ಟೊ ಕಡೆ ನೋಡಿ, ರಸ್ತೆ ಕಡೆ ನೋಡಿ, "ಧೂಳೆಲ್ರೀ? ಎಲ್ಲಾ ಕಾಂಕ್ರೀಟ್ ಮಾಡ್ಬಿಟ್ಟಿದ್ದಾರೆ" ಅಂದ್ಲು.

ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ ದಾಟಿ ಮನೆಗೆ ಬಂದಾಗ ರಾತ್ರಿ ಹತ್ತು. ಅವ್ವ ಎದ್ದು ಕೂತಿದ್ಲು. ಅವಳಿಗೆ ಕಪ್ಪೆಚಿಪ್ಪು ತಂದಿದ್ವಿ, ಕೈಲಿ ತಿರುಗಿಸಿ ತಿರುಗಿಸಿ ನೋಡಿದ್ಲು.

"ಅಲ್ಲಿ ನಮ್ಮೋರು ಯಾರಿದ್ರು?" ಅಂದ್ಲು.

"ಯಾರೂ ಇಲ್ಲ ಕಣವ್ವ."

"ಮತ್ತೆ ಯಾರ ಮನೇಲಿ ಇಳ್ಕಂಡ್ರಿ? ಏನ್ ಕೆಲ್ಸ ಇತ್ತು?"

ಏನೂ ಇರಲಿಲ್ಲ ಅಂದೆ. ನಂಬಲಿಲ್ಲ ಅಂತ ಕಾಣುತ್ತೆ. ಬೆಳಗ್ಗೆ ಕಾಫಿ ಕುಡೀತಾ ತಾನಾಗೇ ಕೇಳಿದ್ಲು, ಆ ಕಾರಲ್ಲಿ ಹಿಂದಿನ ಸೀಟು ಸುಮ್ನೆ ಖಾಲಿ ಹೋಗಿತ್ತಾ ಅಂತ. ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿ ಮುಗಿದ ಮೇಲೆ ಕರ್ಕೊಂಡು ಹೋಗೋದು ಅಂತಾಗಿದೆ. ಇನ್ನೊಂದು ಸೀಟಿದೆ, ಫೋನ್ ಮಾಡಿದ ತಮ್ಮ ಬರೋದಾದ್ರೆ ಹೇಳಲಿ. ಅವನೂ ಸಮುದ್ರ ನೋಡಿಲ್ಲ ಅಂತ ನನಗೆ ಗೊತ್ತು.

ಸ್ಮಶಾನದ ಅರ್ಜಿ ವಿಚಾರಕ್ಕೆ ಸೋಮವಾರ ಹನ್ನೊಂದಕ್ಕೆ ಎಲ್ಲರೂ ಸೇರೋಣ. ಸರ್ವೆ ನಕ್ಷೆಯ ನಕಲು ನನ್ನ ಹತ್ರ ಇದೆ, ತರ್ತೀನಿ.

ಜೈಭೀಮ್.